ಕಾರಂಜಾ ಜಲಾಶಯದಲ್ಲಿ ದೋಣಿಯ ವೇಗ ಮರಳಿದ ಬಗೆ

ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದಲ್ಲಿ ನಾವು ಓಡಿಸುವ ಫೈಬರ್ ದೋಣಿಯ 40 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಎಂಜಿನ್), ಪೂರ್ತಿ ಥ್ರಾಟಲ್ ಕೊಟ್ಟರೂ ನಿಮಿಷಕ್ಕೆ 4,700 ಸುತ್ತು ದಾಟುತ್ತಿರಲಿಲ್ಲ; ಕೈಪಿಡಿಯ ಪ್ರಕಾರ 5,000ದಿಂದ 6,000 ಸುತ್ತು ಬರಬೇಕು. ಕಾರ್ಬುರೇಟರ್ ಬಿಚ್ಚಿಸಬೇಕೆಂದು ಮೆಕ್ಯಾನಿಕ್ ಹೇಳಿದರೂ, ಎಂಜಿನ್ನಿನ ಸದ್ದು ಸರಿಯಾಗಿಯೇ ಇದ್ದುದರಿಂದ ನನಗೆ ಅದು ಒಪ್ಪಿಗೆಯಾಗಲಿಲ್ಲ.

ದೋಣಿಯನ್ನು ದಡಕ್ಕೆಳೆದು, ತಳಕ್ಕೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಹಿಡಿದು ನೋಡಿದಾಗ, ಪ್ರೊಪೆಲ್ಲರಿನ ಮೇಲೆ ಗಾಳಿ ಇಳಿಯದಂತೆ ತಡೆಯುವ ಅಡ್ಡ ತಟ್ಟೆಯು ತಳಮಟ್ಟಕ್ಕಿಂತ ಎರಡು ಇಂಚು ಕೆಳಗಿತ್ತು. ಎಂಜಿನ್ನಿನ ಕಾಲು ಅಷ್ಟು ಆಳಕ್ಕಿಳಿದರೆ ನೀರಿನ ಎಳೆತ ಹೆಚ್ಚಿ, ವೇಗ ಕುಗ್ಗಿ, ಸ್ಟೀರಿಂಗ್ ಭಾರವಾಗುತ್ತದೆ. ಎಂಜಿನ್ನನ್ನು ಬಿಗಿಯಲು ಮುಕ್ಕಾಲು ಇಂಚಿಗೊಂದರಂತಿರುವ ಬೋಲ್ಟ್ ರಂಧ್ರಗಳಲ್ಲಿ ಅದನ್ನು ಮೂರು ರಂಧ್ರ ಮೇಲೇರಿಸಿದೆವು. ನೇರ ಓಟ ಸುಧಾರಿಸಿತು, ಆದರೆ ಜೋರಾಗಿ ತಿರುಗಿಸಿದೊಡನೆ ಪ್ರೊಪೆಲ್ಲರ್ ಮೇಲಿನ ಗಾಳಿಯನ್ನೆಳೆದುಕೊಂಡು, ಎಂಜಿನ್ ಅರಚುತ್ತ, ದೋಣಿ ಮಾತ್ರ ನಿಂತಂತಾಗುತ್ತಿತ್ತು. ಒಂದು ರಂಧ್ರ ಕೆಳಗಿಳಿಸಿದ ಮೇಲೆ ಆ ತೊಂದರೆ ಹೋಯಿತು.

ಇಷ್ಟಾದರೂ ಸುತ್ತು ಸಾಲದಿದ್ದುದರಿಂದ, ಬಲೆ, ಮಂಜುಗಡ್ಡೆಯ ಪೆಟ್ಟಿಗೆ, ನಾಲ್ವರು ಜನರ ಭಾರಕ್ಕೆ ಹೆಚ್ಚೆನಿಸಿದ 13 ಇಂಚು ಪಿಚ್ಚಿನ (ಪಿಚ್ ಎಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ) ಪ್ರೊಪೆಲ್ಲರ್ ತೆಗೆದು, ಅದೇ ವ್ಯಾಸದ 11 ಇಂಚಿನದನ್ನು ಹಾಕಿದೆವು. ಪಿಚ್ ಒಂದಿಂಚು ಇಳಿದರೆ ಸಾಮಾನ್ಯವಾಗಿ 150ರಿಂದ 200 ಸುತ್ತು ಏರುತ್ತದೆ. ನಮ್ಮದು ಈಗ ತುಂಬಿದ ಭಾರದಲ್ಲಿ 5,200 ಮುಟ್ಟುತ್ತದೆ. ಖಾಲಿ ದೋಣಿಯಲ್ಲಿ ಮಾತ್ರ ಸುತ್ತು ಮಿತಿ ಮೀರದಂತೆ ಥ್ರಾಟಲ್ ಪೂರ್ತಿ ತೆರೆಯದೆ, ಸುತ್ತು ತೋರಿಸುವ ಟ್ಯಾಕೋಮೀಟರ್ ಮೇಲೆ ಕಣ್ಣಿಟ್ಟು ಓಡಿಸುತ್ತೇವೆ.