ಫ್ಲಾರಿಡಾದಲ್ಲಿ ಡೈವ್ ಮಾಡಿ ಲಾಬ್‌ಸ್ಟರ್ ಹಿಡಿಯುವವರಿಗೆ: ಅಳತೆ ನೀರಿನೊಳಗೇ ಆಗಬೇಕು

ಫ್ಲಾರಿಡಾ ಕರಾವಳಿಯ ಲಾಬ್‌ಸ್ಟರ್‌ಗೆ ಏಡಿಗಿರುವಂಥ ದೊಡ್ಡ ಇಕ್ಕಳಗಳಿಲ್ಲ. ಮೈತುಂಬ ಮುಳ್ಳು, ಉದ್ದನೆಯ ಎರಡು ಮೀಸೆ, ಹಿಂದಕ್ಕೆ ಚಿಮ್ಮುವ ಬಲವಾದ ಬಾಲ. ಮನೆಯ ಅಡುಗೆಗೆಂದು ಸ್ಕೂಬಾ ಡೈವರ್‌ಗಳು ಇದನ್ನು ಹಿಡಿಯಬಹುದು, ಮಾರುವಂತಿಲ್ಲ. ನಿಯಮಗಳು ಬಹಳಿವೆ. ಆದರೆ ಹೆಚ್ಚಿನವರು ಸಿಕ್ಕಿಬೀಳುವುದು ಒಂದೇ ಕಡೆ: ಅಳೆಯದೆ ಚೀಲಕ್ಕೆ ಹಾಕಿಕೊಂಡು, ದೋಣಿಗೆ ಬಂದ ಮೇಲೆ ಗೇಜ್ (ಅಳತೆಪಟ್ಟಿ) ಹುಡುಕುವಾಗ.

ಮುಖ್ಯ ಸೀಸನ್ ಆಗಸ್ಟ್ 6ರಿಂದ ಮಾರ್ಚ್ 31ರವರೆಗೆ. ಅದಕ್ಕೂ ಮೊದಲು ಹವ್ಯಾಸಿಗಳಿಗೆಂದೇ ಎರಡು ದಿನದ ಮಿನಿ ಸೀಸನ್ ಇದೆ: ಜುಲೈ ತಿಂಗಳಲ್ಲಿ ಒಟ್ಟಿಗೆ ಬರುವ ಕೊನೆಯ ಬುಧವಾರ ಮತ್ತು ಗುರುವಾರ. "ಒಟ್ಟಿಗೆ" ಎಂಬುದನ್ನು ಗಮನಿಸಿ. 2024ರಲ್ಲಿ ಜುಲೈ 31 ಬುಧವಾರವೇ ಆಗಿದ್ದರೂ ಮರುದಿನ ಆಗಸ್ಟ್ ಆದ್ದರಿಂದ ಮಿನಿ ಸೀಸನ್ 24 ಮತ್ತು 25ಕ್ಕೆ ಬಂತು. ಮುಖ್ಯ ಸೀಸನ್ನಿನಲ್ಲಿ ಒಬ್ಬರಿಗೆ ದಿನಕ್ಕೆ 6. ಮಿನಿ ಸೀಸನ್ನಿನಲ್ಲಿ ಕೀಸ್ ದ್ವೀಪಗಳಿರುವ ಮನ್ರೋ ಕೌಂಟಿ ಮತ್ತು ಬಿಸ್ಕೇನ್ ನ್ಯಾಷನಲ್ ಪಾರ್ಕ್‌ನಲ್ಲಿ 6, ಉಳಿದ ಕಡೆ 12. ಮನ್ರೋದಲ್ಲಿ ಆ ಎರಡು ದಿನ ರಾತ್ರಿ ಡೈವ್ ಮಾಡಿ ಹಿಡಿಯುವಂತಿಲ್ಲ.

16 ವರ್ಷ ತುಂಬಿದವರಿಗೆ ಸಾಮಾನ್ಯವಾಗಿ ಎರಡು ಕಾಗದ ಬೇಕು: ಉಪ್ಪುನೀರಿನ ಮೀನುಗಾರಿಕೆಯ ಲೈಸೆನ್ಸ್, ಅದರ ಮೇಲೆ ಲಾಬ್‌ಸ್ಟರ್ ಪರ್ಮಿಟ್. ಅಮೆರಿಕದ ಬೇರೆ ರಾಜ್ಯದಿಂದ ರಜೆಗೆ ಬರುವ ಕನ್ನಡಿಗರೂ, ಊರಿನಿಂದ ಬಂದ ನೆಂಟರೂ ಹೊರರಾಜ್ಯದವರ ಲೈಸೆನ್ಸ್ ತೆಗೆದುಕೊಳ್ಳಬೇಕು. ಅದು 3 ದಿನ, 7 ದಿನ ಅಥವಾ ಒಂದು ವರ್ಷದ ಅವಧಿಗೆ ಸಿಗುತ್ತದೆ. ಪರ್ಮಿಟ್ಟನ್ನು ಬೇರೆಯಾಗಿ ಕೇಳಿ ಪಡೆಯಿರಿ. ಬರೀ ಲೈಸೆನ್ಸ್ ಕೊಂಡು ಬರುವವರು ಬಹಳ.

ಸಲಕರಣೆ ಸರಳ. ಒಂದು ಟಿಕಲ್ ಸ್ಟಿಕ್ (ಮೊಳಕ್ಕಿಂತ ಉದ್ದದ, ತುದಿ ಸ್ವಲ್ಪ ಬಾಗಿದ ಕಡ್ಡಿ), ಹಿಡಿಕೆಯ ಸಣ್ಣ ಬಲೆ, ದಪ್ಪ ಕೈಗವಸು, ಬಾಯಿ ಮುಚ್ಚಿಕೊಳ್ಳುವ ಬಲೆಚೀಲ, ಲಾಬ್‌ಸ್ಟರ್ ಅಡಗುವ ಪೊಟರೆಯೊಳಗೆ ನೋಡಲು ಟಾರ್ಚ್. ಗೇಜ್ ಇಲ್ಲದೆ ನೀರಿಗಿಳಿಯುವುದೇ ಕಾನೂನಿಗೆ ವಿರುದ್ಧ, ಆದ್ದರಿಂದ ಅದನ್ನು ದಾರದಲ್ಲಿ ಕಟ್ಟಿ ಬಿಸಿಡಿಗೆ (ಡೈವರ್ ತೊಡುವ, ಗಾಳಿ ತುಂಬುವ ಜಾಕೆಟ್) ಸಿಕ್ಕಿಸಿ. ಈಟಿ, ಕೊಕ್ಕೆ, ಚುಚ್ಚುವ ಯಾವುದನ್ನೂ ಬಳಸುವಂತಿಲ್ಲ. ಚುಚ್ಚಿದ ಮೇಲೆ ಅದು ಚಿಕ್ಕದೆಂದು ಗೊತ್ತಾದರೆ ಬಿಟ್ಟೂ ಪ್ರಯೋಜನವಿಲ್ಲ.

ಹಿಡಿಯುವ ಕ್ರಮ ಹೀಗೆ. ಪೊಟರೆಯಿಂದ ಮೀಸೆ ಹೊರಚಾಚಿರುವುದು ಕಂಡರೆ ಕೈ ಹಾಕಬೇಡಿ. ಮೀಸೆ ಹಿಡಿದು ಎಳೆದರೆ ಮೀಸೆಯಷ್ಟೇ ಕೈಗೆ ಬರುತ್ತದೆ. ಅದೇ ಪೊಟರೆಯಲ್ಲಿ ಮೊರೆ ಈಲ್ (ಕಚ್ಚುವ ಹಾವುಮೀನು) ಕೂಡ ಇರಬಹುದು, ಟಾರ್ಚ್ ಹಾಕಿ ನೋಡಿ. ಕಡ್ಡಿಯನ್ನು ನಿಧಾನವಾಗಿ ಬಾಲದ ಹಿಂದಕ್ಕೆ ತೂರಿಸಿ ಮೆಲ್ಲಗೆ ತಟ್ಟಿ. ಹಿಂದೆ ಏನೋ ಇದೆ ಎಂದು ಅದು ಮುಂದಕ್ಕೆ ನಡೆದು ಬರುತ್ತದೆ. ಪೂರ್ತಿ ಹೊರಗೆ ಬಂದ ಮೇಲೆ ಬಲೆಯನ್ನು ಅದರ ಹಿಂದೆ ನೆಲಕ್ಕೆ ತಾಗಿಸಿ ಹಿಡಿದು, ಕಡ್ಡಿಯಿಂದ ಮುಖದ ಮುಂದೆ ತಟ್ಟಿ. ಹಿಂದಕ್ಕೆ ಚಿಮ್ಮಿ ತಾನೇ ಬಲೆಗೆ ಬೀಳುತ್ತದೆ. ಬಲೆಯ ಬಾಯಿಯನ್ನು ತಕ್ಷಣ ಮರಳಿಗೆ ಒತ್ತಿ. ಅವಸರದಲ್ಲಿ ಮುಂದಿನಿಂದ ಕಡ್ಡಿಯಲ್ಲಿ ತಿವಿದರೆ ಅದು ಇನ್ನೂ ಒಳಗೆ ಸೇರಿ ಕಾಲು ಬಿಗಿಹಿಡಿದು ಕೂರುತ್ತದೆ. ಆಗ ಅದನ್ನು ಬಿಟ್ಟು ಮುಂದೆ ಹೋಗುವುದೇ ಸರಿ. ಹವಳ ಮುರಿದು ತೆಗೆಯುವುದು ಅಪರಾಧ, ಮುರಿದ ಹವಳ ನಮ್ಮ ಕಾಲದಲ್ಲಿ ಮತ್ತೆ ಅಷ್ಟು ಬೆಳೆಯುವುದಿಲ್ಲ.

ಈಗ ಅಳತೆ. ಬೆನ್ನಚಿಪ್ಪು 3 ಇಂಚಿಗಿಂತ, ಅಂದರೆ ಸುಮಾರು 76 ಮಿ.ಮೀ.ಗಿಂತ ಹೆಚ್ಚಿರಬೇಕು. ಸರಿಯಾಗಿ 3 ಇಂಚು ಸಾಲದು. ಕಣ್ಣುಗಳ ಮೇಲೆ ಎರಡು ಕೊಂಬುಗಳಿವೆ. ಗೇಜ್‌ನ ಮುಂದಿನ ತುದಿಯನ್ನು ಆ ಕೊಂಬುಗಳ ನಡುವೆ, ಗಟ್ಟಿ ಚಿಪ್ಪಿನ ಅಂಚಿಗೆ ಸಿಕ್ಕಿಸಿ, ಬೆನ್ನಿನ ನಡುಗೆರೆಯ ಮೇಲೆ ನೇರವಾಗಿ ಹಿಂದಕ್ಕೆ ಇಳಿಸಿ. ಚಿಪ್ಪಿನ ಹಿಂದಿನ ಅಂಚನ್ನು ದಾಟಿ ಗೇಜ್ ಕೆಳಗಿಳಿದರೆ ಲಾಬ್‌ಸ್ಟರ್ ಚಿಕ್ಕದು, ಅಲ್ಲೇ ಬಿಡಿ. ಚಿಪ್ಪಿನ ಮೇಲೆಯೇ ತಡೆದು ನಿಂತರೆ ಇಟ್ಟುಕೊಳ್ಳಬಹುದು. ತಪ್ಪಾಗುವುದು ಮೂರು ರೀತಿ: ಕೊಂಬಿನ ತುದಿಯಿಂದ ಅಳೆಯುವುದು, ಚಿಪ್ಪಿನ ಹಿಂದೆ ಬಾಲಕ್ಕೆ ಸೇರುವ ಪಾರದರ್ಶಕ ಪೊರೆಯನ್ನೂ ಲೆಕ್ಕಕ್ಕೆ ಹಿಡಿಯುವುದು, ಗೇಜ್ ಓರೆಯಾಗುವುದು. ಮೂರರಲ್ಲೂ ಚಿಕ್ಕದು ದೊಡ್ಡದಾಗಿ ಕಾಣುತ್ತದೆ. ಕೂದಲೆಳೆಯ ಅನುಮಾನ ಬಂದರೂ ಬಿಟ್ಟುಬಿಡಿ. ಹಿಡಿದಲ್ಲಿಯೇ ಬಿಟ್ಟರೆ ಅದು ಮತ್ತೆ ತನ್ನ ಪೊಟರೆ ಸೇರುತ್ತದೆ. ದೋಣಿಗೆ ತಂದು ಬೇರೆಲ್ಲೋ ಎಸೆದರೆ ಬಯಲಲ್ಲಿ ಮೀನಿನ ಬಾಯಿಗೆ ಬೀಳುತ್ತದೆ.

ಅಳೆದ ಕೂಡಲೇ ಮಗುಚಿ ಬಾಲದ ಅಡಿ ನೋಡಿ. ಕಿತ್ತಳೆಯಿಂದ ಕಂದು ಬಣ್ಣದವರೆಗಿನ ಸಣ್ಣ ಮಣಿಗಳ ಗೊಂಚಲು ಇದ್ದರೆ ಅದು ಮೊಟ್ಟೆ ಹೊತ್ತ ಹೆಣ್ಣು, ಎಷ್ಟೇ ದೊಡ್ಡದಾದರೂ ಬಿಡಬೇಕು. ಮೊಟ್ಟೆ ಕೆರೆದು ತೆಗೆದು ಇಟ್ಟುಕೊಳ್ಳುವುದೂ ಅಪರಾಧವೇ. ಎದೆಯ ಮೇಲೆ ಡಾಂಬರು ಮೆತ್ತಿದಂತೆ ಕಪ್ಪು ಕಲೆ ಇದ್ದರೆ ಅದು ಮಿಲನವಾದ ಹೆಣ್ಣು. ಕಾನೂನು ತಡೆಯುವುದಿಲ್ಲವಾದರೂ ಅದನ್ನು ಬಿಡುವುದೇ ಒಳ್ಳೆಯದು, ಮೊಟ್ಟೆ ಇನ್ನು ಬರಬೇಕಷ್ಟೆ.

ಎಲ್ಲ ಕಡೆಯೂ ಹಿಡಿಯುವಂತಿಲ್ಲ. ಎವರ್‌ಗ್ಲೇಡ್ಸ್ ಮತ್ತು ಡ್ರೈ ಟಾರ್ಟುಗಸ್ ನ್ಯಾಷನಲ್ ಪಾರ್ಕ್‌ಗಳು ಪೂರ್ತಿ ಬಂದ್. ಜಾನ್ ಪೆನೆಕ್ಯಾಂಪ್ ಪಾರ್ಕ್‌ನಲ್ಲಿ ಮಿನಿ ಸೀಸನ್ನಿನಲ್ಲಿ ಹಿಡಿಯುವಂತಿಲ್ಲ. ಮೊಲಾಸಿಸ್, ಸೊಂಬ್ರೆರೋ, ಲೂ ಕೀ ಮುಂತಾದ ಹೆಸರಾಂತ ರೀಫ್‌ಗಳಲ್ಲಿ (ಹವಳದ ದಿಬ್ಬಗಳಲ್ಲಿ) ಹಳದಿ ಬೋಯೆಗಳ (ನೀರಿನ ಮೇಲೆ ತೇಲುವ ಗುರುತುಗಳ) ಒಳಗೆ ಬರುವ ಭಾಗ ರಕ್ಷಿತ. ವೃತ್ತಿ ಮೀನುಗಾರರ ಟ್ರ್ಯಾಪ್‌ಗೆ (ಬೋನಿಗೆ) ಕೈಹಾಕಿದರೆ ಅದು ಫೆಲೊನಿ, ಅಂದರೆ ಜೈಲಾಗಬಹುದಾದ ಗಂಭೀರ ಅಪರಾಧ, ಸಾಮಾನ್ಯ ದಂಡದ ವಿಷಯವಲ್ಲ.

ಡೈವರ್ ನೀರಿನಲ್ಲಿರುವಷ್ಟು ಹೊತ್ತೂ ಕೆಂಪಿನ ಮೇಲೆ ಓರೆ ಬಿಳಿ ಪಟ್ಟಿಯ ಫ್ಲ್ಯಾಗ್ ಇರಬೇಕು: ದೋಣಿಯ ಮೇಲೆ ಕನಿಷ್ಠ 20×24 ಇಂಚು, ತೇಲುವ ಬೋಯೆಯ ಮೇಲಾದರೆ 12×12. ಬಯಲು ನೀರಿನಲ್ಲಿ ಅದರಿಂದ 300 ಅಡಿ, ಚಾನೆಲ್‌ಗಳಲ್ಲಿ (ದೋಣಿ ಓಡಾಡುವ ಜಲಮಾರ್ಗಗಳಲ್ಲಿ) 100 ಅಡಿ ದಾಟದಂತೆ ಇರಿ. ಎಲ್ಲರೂ ಮೇಲೆ ಬಂದ ಕೂಡಲೇ ಇಳಿಸಿ. ಮಿನಿ ಸೀಸನ್ನಿನ ದಿನ ದೋಣಿಗಳು ಕಿಕ್ಕಿರಿದಿರುತ್ತವೆ, ಫ್ಲ್ಯಾಗ್ ಪಕ್ಕದಲ್ಲೇ ಮೇಲೇಳಿ.

ಬೆನ್ನಟ್ಟುವಾಗ ಉಸಿರು ಹೆಚ್ಚಿ ಟ್ಯಾಂಕ್ ಬೇಗ ಖಾಲಿಯಾಗುತ್ತದೆ. ಪ್ರತಿ ಲಾಬ್‌ಸ್ಟರ್ ಸಿಕ್ಕಾಗಲೂ ಗೇಜ್ ಜೊತೆಗೆ ಗಾಳಿಯನ್ನೂ ನೋಡುವ ರೂಢಿ ಮಾಡಿಕೊಳ್ಳಿ. ಟ್ಯಾಂಕ್‌ನಲ್ಲಿ ಸುಮಾರು 50 ಬಾರ್ ಒತ್ತಡದ ಗಾಳಿ ಉಳಿದಿರುವಾಗಲೇ ನೀರಿನ ಮೇಲಿರುವಂತೆ ಲೆಕ್ಕ ಹಾಕಿ, ನಿಮಿಷಕ್ಕೆ 9 ಮೀಟರ್ ಮೀರದೆ ಏರಿ. ಒಂದೊಂದನ್ನೇ ಕೊಟ್ಟುಬರಲು ಪದೇ ಪದೇ ಮೇಲೆ ಕೆಳಗೆ ಓಡಾಡಬೇಡಿ. ಚೀಲವನ್ನು ಒಂದೇ ಎಳೆತಕ್ಕೆ ಕಳಚುವ ಕ್ಲಿಪ್‌ನಲ್ಲಿ ಹಾಕಿ, ಹವಳಕ್ಕೆ ಸಿಕ್ಕಿಕೊಂಡರೆ ಬಿಟ್ಟು ಬರಲು ಆಗಬೇಕು.

ದಡ ಸೇರುವವರೆಗೆ ಲಾಬ್‌ಸ್ಟರ್ ಇಡಿಯಾಗಿರಬೇಕು. ಬಾಲ ಮುರಿದರೆ ಅಧಿಕಾರಿಗೆ ಅಳೆಯಲು ಬೆನ್ನಚಿಪ್ಪೇ ಇರುವುದಿಲ್ಲ. ಐಸ್ ಮೇಲೆ ಇಡಿ, ಕರಗಿದ ನೀರಿನಲ್ಲಿ ಮುಳುಗಲು ಬಿಡಬೇಡಿ. ದಡದಲ್ಲಿ ತಲೆ ಮತ್ತು ಬಾಲವನ್ನು ಎದುರುಬದುರು ತಿರುಚಿ ಬೇರ್ಪಡಿಸಿ. ಮೀಸೆಯ ಒಂದು ತುಂಡು ಮುರಿದು ಬಾಲದ ಕೊನೆಯ ರಂಧ್ರಕ್ಕೆ ತೂರಿಸಿ, ತಿರುಗಿಸಿ ಎಳೆಯಿರಿ. ಮೀಸೆಯ ಮುಳ್ಳಿಗೆ ಸಿಕ್ಕಿಕೊಂಡು ಕರುಳು ಇಡಿಯಾಗಿ ಹೊರಬರುತ್ತದೆ. ತುಂಡಾದರೆ ಅಡಿಯ ಚಿಪ್ಪು ಕತ್ತರಿಸಿ ತೆಗೆದು ತೊಳೆಯಿರಿ.