ಲಿಸ್ಬನ್ ಏರಿನಲ್ಲಿ ಅಮ್ಮನ ಇ-ಬೈಕ್

"ಪೋರ್ಚುಗಲ್‌ನ ಲಿಸ್ಬನ್ ಅಂದ್ರೆ ಊರೆಲ್ಲ ಬರೀ ದಿಬ್ಬ, 66ರ ಅಮ್ಮನನ್ನು ಅಲ್ಲಿ ಸೈಕಲ್ ಹತ್ತಿಸ್ತೀಯಾ?" ಅಂತ ಅಣ್ಣ ಫೋನಿನಲ್ಲೇ ಗದರಿದ್ದ. ಅಮ್ಮ ಹತ್ತಿದರು, ಬ್ಯಾಟರಿ ಮೋಟಾರ್ ಇರೋ ಇ-ಬೈಕ್. ಮೂರೂವರೆ ಗಂಟೆ, ಸುಮಾರು 18 ಕಿಲೋಮೀಟರ್.

ಅದಕ್ಕೆ ಮುಂಚೆ ಎರಡು ದಿನ ಹಾಳಾಗಿದ್ದವು. ಮೊದಲ ದಿನ ಹಳೇ ಬಡಾವಣೆ ಅಲ್ಫಾಮಾದ ಓಣಿಗಳಲ್ಲಿ ನಡೆದೆವು. ಅರ್ಧ ಗಂಟೆಗೇ ಅಮ್ಮನ ಮಂಡಿ ಊದಿತು. ಮರುದಿನ ದಾರಿ ನೋಡಿ ಬರೋಣ ಅಂತ ನಾನೊಬ್ಬನೇ ಇ-ಬೈಕ್ ಬಾಡಿಗೆಗೆ ತಗೊಂಡೆ. 28ನೇ ನಂಬರ್ ಟ್ರಾಮ್ ಹಳಿಯಲ್ಲಿ ಮುಂದಿನ ಚಕ್ರ ಸಿಕ್ಕಿ ಬಿದ್ದೆ. ಬ್ರೇಕ್ ಲಿವರ್ ಬಾಗಿದ್ದಕ್ಕೆ 60 ಯೂರೋನೋ ಏನೋ ಕಿತ್ತರು. ಗೈಡ್ ಜೊತೆಗಿನ ಟೂರಿಗೆ ತಲೆಗೆ 40ರ ಆಸುಪಾಸು. ಮೊದಲೇ ಅದನ್ನು ತಗೊಂಡಿದ್ದರೆ ದುಡ್ಡೂ ಉಳೀತಿತ್ತು, ಮೊಣಕೈಯೂ ಉಳೀತಿತ್ತು.

ಮೂರನೇ ದಿನ ಗೈಡ್ ಜೊತೆ ಬೆಳಿಗ್ಗೆ 9ಕ್ಕೇ ಹೊರಟೆವು. ಅಡ್ಡಕಂಬಿ ಇಲ್ಲದ ಬೈಕೇ ಬೇಕು ಅಂತ ಹಟ ಹಿಡಿದೆ. ಸೀಟನ್ನು ಎರಡೂ ಕಾಲು ನೆಲಕ್ಕೆ ಊರುವಷ್ಟು ಇಳಿಸಿದೆ. ಪೆಡಲ್ ತುಳಿಯಲು ಅದು ಸರಿ ಅಲ್ಲ, ಗೊತ್ತು. ಆದರೆ ಧೈರ್ಯ ಬರೋದು ಅದರಿಂದಲೇ. ನದಿ ಪಕ್ಕದ ದೊಡ್ಡ ಚೌಕ ಪ್ರಾಸಾ ದೊ ಕೊಮೆರ್ಸಿಯೊ ಬಯಲಿನಲ್ಲಿ ಅಮ್ಮನಿಗೆ 20 ನಿಮಿಷ ಸುತ್ತು ಹೊಡೆಸಿದೆ.

ಗೈಡ್ ಮೊದಲು ಬೆಟ್ಟ, ಆಮೇಲೆ ನದಿ ಅನ್ನುತ್ತಿದ್ದ. ನಾನು ತಿರುಗಿಸಿದೆ. ಮೊದಲು ತೇಜೊ ನದಿ ದಂಡೆಯ ಸಮತಟ್ಟು ದಾರಿಯಲ್ಲಿ ಬೆಲೆಂ ಬಡಾವಣೆವರೆಗೆ, ಪೂರ್ತಿ ಇಕೋ ಮೋಡ್, ಅಂದ್ರೆ ಮೋಟಾರಿನ ಸಹಾಯ ಕಡಿಮೆ. ಬ್ಯಾಟರಿ ಏರಿಗೆ ಉಳೀಬೇಕಲ್ವಾ? ಜಾಸ್ತಿ ದುಡ್ಡು ಕೊಡದೆ ಅವನನ್ನು ಹೇಗೆ ಒಪ್ಪಿಸಿದೆ ಅನ್ನೋದು ನನ್ನಲ್ಲೇ ಇರಲಿ.

ದಂಡೆಯಲ್ಲಿ ಸುಮ್ನೆ ನನ್ನ ಮೋಟಾರ್ ಆಫ್ ಮಾಡಿ ನೋಡಿದೆ. ಅಷ್ಟು ಭಾರದ ಗಾಡಿ ಸಮತಟ್ಟಿನಲ್ಲಿ ಆರಾಮಾಗಿ ಓಡಿತು. ಎದುರುಗಾಳಿ ಬಂದಾಗ ಮಾತ್ರ ತೊಡೆ ಉರಿಯಿತು.

ಬೆಲೆಂನ ಜೆರೋನಿಮೊಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮಾನ ಸಮಾಧಿ ಇದೆ. ಅಮ್ಮ ತುಂಬಾ ಹೊತ್ತು ನಿಂತರು. "1498 ಅಂತ ಬಾಯಿಪಾಠ ಮಾಡಿದ್ದೆವು ಕಣೋ. ಕಲ್ಲಿಕೋಟೆಗೆ ಬಂದವನು ಇಲ್ಲಿ ಮಲಗಿದ್ದಾನಾ!" ಅಂದರು.

ವಾಪಸ್ ಬಂದು ಬೆಟ್ಟದ ಮೇಲಿನ ಗ್ರಾಸಾ ಬಡಾವಣೆ ಕಡೆಗೆ ಏರು. ಏರು ಶುರುವಾಗುವ ಮುಂಚೆಯೇ ಅಮ್ಮನಿಗೆ ಗೇರ್ ಇಳಿಸೋಕೆ ಹೇಳಿದೆ, ಆಮೇಲೆ ಟರ್ಬೊ, ಅಂದ್ರೆ ಮೋಟಾರಿನ ಪೂರ್ತಿ ಸಹಾಯ. ಹಳಿ ಬಂದ ಕಡೆ ಅಡ್ಡಲಾಗಿ, ಲಂಬ ಕೋನದಲ್ಲಿ ದಾಟಿಸಿದೆ. ನುಣುಪುಗಲ್ಲಿನ ಒಂದು ತಿರುವಿನಲ್ಲಿ ಅಮ್ಮ ಇಳಿದರು. ಅಲ್ಲಿ ವಾಕ್ ಬಟನ್ ಒತ್ತಿಸಿದೆ. ಗಾಡಿ ತಾನೇ ಮೆಲ್ಲಗೆ ಏರಿತು, ಅಮ್ಮ ಹ್ಯಾಂಡಲ್ ಹಿಡಿದು ನಡೆದರಷ್ಟೆ.

ಗ್ರಾಸಾದ ಸೆನ್ಹೋರಾ ದೊ ಮೊಂಟೆ ವೀಕ್ಷಣಾ ತುದಿಯಿಂದ ಕೋಟೆ, ನದಿ, ಕೆಂಪು ಹೆಂಚಿನ ಮನೆಗಳು ಎಲ್ಲ ಕಂಡವು. ಅಣ್ಣನಿಗೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದೆ. ಅಮ್ಮನ ಬ್ಯಾಟರಿಯಲ್ಲಿ ಇನ್ನೂ ಎರಡು ಗೆರೆ ಉಳಿದಿತ್ತು.