ಮಾವನ ಜೆನಿಟ್ ಲೆನ್ಸ್, ಚೌಕಿಯ ಕನ್ನಡಿ

ಸೋದರಮಾವನ ಜೆನಿಟ್-ಇ ಕ್ಯಾಮೆರಾ ಅಟ್ಟದ ತಗಡಿನ ಪೆಟ್ಟಿಗೆಯಲ್ಲಿ ಎಷ್ಟು ಮಳೆಗಾಲ ಕಳೆದಿತ್ತೋ, ಅವರಿಗೇ ನೆನಪಿರಲಿಲ್ಲ. ಚರ್ಮದ ಚೀಲ ಬೂಸ್ಟು ಹಿಡಿದಿತ್ತು, ಬೆಳಕಿನ ಮೀಟರ್ ಸತ್ತಿತ್ತು, ಶಟರ್ ಅರ್ಧಕ್ಕೇ ನಿಲ್ಲುತ್ತಿತ್ತು. ಮುಂದಿದ್ದ ಲೆನ್ಸ್ ಹೀಲಿಯೋಸ್ 44-2: 58 ಮಿ.ಮೀ., ಎಫ್/2 (ಬೆಳಕಿನ ಕಿಂಡಿ, ಅಂದರೆ ಅಪರ್ಚರ್, ಪೂರ್ತಿ ತೆರೆದಾಗಿನ ಅಂಕೆ). ಕ್ರಮಸಂಖ್ಯೆ 78ರಿಂದ ಶುರುವಾಗುವುದರಿಂದ 1978ರದ್ದಿರಬೇಕು. “ಅದನ್ನು ಒಯ್ದು ಏನು ಮಾಡುತ್ತೀಯೋ? ಗುಜರಿಯವನೂ ಮುಟ್ಟುವುದಿಲ್ಲ” ಎಂದರು ಮಾವ.

ಗುಜರಿಯವನಿಗೆ ಗೊತ್ತಿಲ್ಲದ ಸಂಗತಿ ಆ ಲೆನ್ಸಿನ ಹಿಂಬದಿಯಲ್ಲಿತ್ತು. ಅದು ಎಂ42 ತಿರುಪು: 42 ಮಿ.ಮೀ. ವ್ಯಾಸ, ಒಂದು ಸುತ್ತಿಗೆ 1 ಮಿ.ಮೀ. ಮುಂದೆ. 1949ರ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದಲ್ಲೂ ಇದೇ ತಿರುಪು. ಈ ಲೆನ್ಸುಗಳು ಫಿಲ್ಮಿನಿಂದ 45.46 ಮಿ.ಮೀ. ದೂರದಲ್ಲಿ ಕೂರಬೇಕು. ನನ್ನ ಡಿಜಿಟಲ್ ಕ್ಯಾಮೆರಾ ಸೋನಿ ಎ6000ರಲ್ಲಿ ಆ ದೂರ 18 ಮಿ.ಮೀ. ಮಾತ್ರ. ನಡುವಿನ ಇಪ್ಪತ್ತೇಳೂವರೆ ಮಿ.ಮೀ. ತುಂಬಲು ಒಂದು ಟೊಳ್ಳು ಲೋಹದ ಕೊಳವೆ ಸಾಕು. ಅಡಾಪ್ಟರ್ ಎಂದರೆ ಅಷ್ಟೇ, ಅದರಲ್ಲಿ ಗಾಜಿಲ್ಲ. ನಿಕಾನ್‌ನ ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾ ಇರುವ ಗೆಳೆಯನೊಬ್ಬ ತಾನೂ ಹಾಕಿಕೊಳ್ಳುತ್ತೇನೆಂದು ಹೊರಟಿದ್ದ. ಅವನದರಲ್ಲಿ ಆ ದೂರವೇ 46.5 ಮಿ.ಮೀ. ಬರಿಯ ಅಡಾಪ್ಟರ್ ಹಾಕಿದರೆ ದೂರದ ಗುಡ್ಡ ಎಂದಿಗೂ ಸ್ಪಷ್ಟವಾಗುವುದಿಲ್ಲ.

ಲೆನ್ಸ್ ಕೂತಿತು, ಆದರೆ ಫೋಕಸ್ ಬಳೆ ಅಲುಗಲಿಲ್ಲ. ಒಳಗಿನ ಗ್ರೀಸ್ ಅಂಟಾಗಿ ಗಟ್ಟಿಯಾಗಿತ್ತು. ಅವಸರದಲ್ಲಿ ನಾನು ಮಾಡಿದ್ದು ಹೊಲಿಗೆ ಯಂತ್ರದ ಎಣ್ಣೆಯ ನಾಲ್ಕು ಹನಿ ಬಿಡುವ ಕೆಲಸ. ಬಳೆ ತಿರುಗಿತು; ಎರಡು ದಿನದಲ್ಲಿ ಎಣ್ಣೆ ಹರಿದು ಅಪರ್ಚರ್ ಎಸಳುಗಳ ಮೇಲೆ ಹೊಳೆಯತೊಡಗಿತು. ಕೊನೆಗೆ ಬಿಚ್ಚಲೇಬೇಕಾಯಿತು. ಬಳೆಯ ಅಂಚಿನ ಮೂರು ಸಣ್ಣ ಸ್ಕ್ರೂ ಸಡಿಲಿಸಿ, ಒಳಗಿನ ತಿರುಪನ್ನು ಬಿಡಿಸುತ್ತಾ ಹೋದೆ. ಅದು ಕಳಚಿಕೊಳ್ಳುವ ಜಾಗವನ್ನು ಗುರುತು ಮಾಡಿಕೊಳ್ಳಬೇಕಿತ್ತು, ಮಾಡಲಿಲ್ಲ. ಆ ತಿರುಪಿಗೆ ಒಂದೇ ಬಾಯಿಯಲ್ಲ, ಹಲವು. ಸರಿಯಾದದ್ದರಲ್ಲಿ ಹಿಡಿಸದಿದ್ದರೆ ಫೋಕಸ್ ಅನಂತಕ್ಕೆ ಮುಟ್ಟುವುದೇ ಇಲ್ಲ. ಎರಡು ಸಂಜೆ ಪೂರ್ತಿ ತಿರುಗಿಸುವುದು, ಎದುರಿನ ಗುಡ್ಡದ ಮೊಬೈಲ್ ಟವರ್ ನೋಡುವುದು, ಮತ್ತೆ ಬಿಚ್ಚುವುದು. ಬಿಚ್ಚುವ ಯೋಚನೆ ಇದ್ದರೆ ಸೂಜಿಯಿಂದ ಒಂದು ಗೀರು ಹಾಕಿಕೊಳ್ಳಿ.

ಎಸಳಿನ ಎಣ್ಣೆ ಮಾತ್ರ ಹಾಗೆಯೇ ಉಳಿಸಿದೆ. 44-2ರ ಎಸಳುಗಳನ್ನು ಕೈಯೇ ನೇರವಾಗಿ ತಿರುಗಿಸುತ್ತದೆ, ಸ್ಪ್ರಿಂಗ್ ಅಲ್ಲ. ಹಾಗಾಗಿ ಅಂಟಿಕೊಂಡು ಸತಾಯಿಸುವುದಿಲ್ಲ. ಮುಂದಿನ ಗಾಜಿನ ಅಂಚಿನಲ್ಲಿ ಎಳೆ ಎಳೆಯಾಗಿದ್ದ ಬೂಸ್ಟನ್ನೂ ಮುಟ್ಟಲಿಲ್ಲ. ಚಿತ್ರದಲ್ಲಿ ಅದು ಕಾಣುತ್ತಿರಲಿಲ್ಲ, ಉಜ್ಜಿದ ಲೇಪ ಮತ್ತೆ ಬರುವುದೂ ಇಲ್ಲ.

ಕ್ಯಾಮೆರಾಕ್ಕೆ ಈ ಲೆನ್ಸ್ ಇರುವುದೇ ತಿಳಿಯುವುದಿಲ್ಲ. ಲೆನ್ಸ್ ಇಲ್ಲದಿದ್ದರೂ ಶಟರ್ ಬಿಡಬೇಕೆಂಬ ಆಯ್ಕೆಯನ್ನು ಮೆನುವಿನಲ್ಲಿ ಹುಡುಕಿ ತೆರೆಯದಿದ್ದರೆ ಗುಂಡಿ ಒತ್ತಿದರೂ ಏನೂ ಆಗದು. ನಾನು ಅಪರ್ಚರ್ ಆದ್ಯತೆಯಲ್ಲಿಟ್ಟು (ಶಟರ್ ವೇಗವನ್ನು ಕ್ಯಾಮೆರಾವೇ ಆರಿಸುತ್ತದೆ), ಬೆಳಕಿನ ಸಂವೇದನೆಯ ಅಳತೆಯಾದ ಐಎಸ್‌ಒ 1600ರ ಆಸುಪಾಸು ಕೊಟ್ಟು, ಶಟರ್ ವೇಗ 1/125ಕ್ಕಿಂತ ಕೆಳಗಿಳಿಯದಂತೆ ಕಣ್ಣಿಡುತ್ತೇನೆ. ನನ್ನ ಕ್ಯಾಮೆರಾದಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ಫೋಕಸ್ ಆದ ಅಂಚುಗಳನ್ನು ಬಣ್ಣದಲ್ಲಿ ತೋರಿಸುವ ಸೌಲಭ್ಯವಿದೆ. ಎಫ್/2ರಲ್ಲಿ ಅದನ್ನು ಪೂರ್ತಿ ನಂಬಬಾರದು. ಕಣ್ಣು, ಹುಬ್ಬು, ಕಿವಿ ಎಲ್ಲದಕ್ಕೂ ಒಟ್ಟಿಗೆ ಬಣ್ಣ ಬಳಿದುಬಿಡುತ್ತದೆ. ಚಿತ್ರವನ್ನು ಹಿಗ್ಗಿಸಿ ತೋರಿಸುವ ಕೆಲಸವನ್ನು ಬೆರಳಿಗೆ ಸಿಗುವ ಒಂದು ಗುಂಡಿಗೆ ಒಪ್ಪಿಸಿದ ಮೇಲೆಯೇ ನನ್ನ ಚಿತ್ರಗಳು ಚಿತ್ರಗಳಾದದ್ದು. ಲೆನ್ಸಿನಲ್ಲಿ ಅಪರ್ಚರ್‌ಗೆ ಎರಡು ಬಳೆ. ಒಂದರಲ್ಲಿ ಬೇಕಾದ ಅಂಕೆ ಮೊದಲೇ ಕಟ್ಟಿಡಬೇಕು. ಇನ್ನೊಂದನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಅಂಕೆ ನೋಡದೆ ತಡೆಯುವವರೆಗೆ ತಿರುಗಿಸಿದರಾಯಿತು.

ಈ ಲೆನ್ಸಿನ ಹಿನ್ನೆಲೆ ಸುಳಿಯಂತೆ ಸುತ್ತುತ್ತದೆ ಎಂದು ಕೊಂಡಾಡುವವರು ಬಹಳ. ಅದು ಚೌಕಟ್ಟಿನ ಅಂಚಿನ ಆಟ. ನನ್ನ ಕ್ಯಾಮೆರಾದ ಸಣ್ಣ ಸೆನ್ಸರ್ ಆ ಅಂಚನ್ನೇ ಕತ್ತರಿಸಿಬಿಡುತ್ತದೆ. 58 ಮಿ.ಮೀ. ಇಲ್ಲಿ 87ರಷ್ಟು ಇಕ್ಕಟ್ಟಾಗಿ ಕಾಣುತ್ತದೆ. ಸುಳಿ ಸಿಗಲಿಲ್ಲ, ಮುಖಕ್ಕೆ ಹೇಳಿಮಾಡಿಸಿದ ಲೆನ್ಸ್ ಸಿಕ್ಕಿತು.

ಊರಿನ ಯಕ್ಷಗಾನ ಬಯಲಾಟದ ದಿನ, ಕಲಾವಿದರು ವೇಷ ಕಟ್ಟಿಕೊಳ್ಳುವ ಚೌಕಿಯೊಳಗೆ ಕೂರಲು ಅನುಮತಿ ಸಿಕ್ಕಿತು. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಕಲಾವಿದರೊಬ್ಬರು ಚಾಪೆಯ ಮೇಲೆ ಕೂತು, ಕೈಗನ್ನಡಿ ಎದುರಿಟ್ಟುಕೊಂಡು, ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿಗಳನ್ನು, ಮುಳ್ಳಿನಂಥ ಬಿಳಿ ಚುಕ್ಕೆಗಳನ್ನು, ಒಂದೊಂದಾಗಿ ಇಡುತ್ತಿದ್ದರು. ನನಗೆ ಬೇಕಾದದ್ದು ಕನ್ನಡಿಯೊಳಗಿನ ಮುಖ. ಮೊದಲು ಆಟೋಫೋಕಸ್ ಲೆನ್ಸಿನಿಂದ ಪ್ರಯತ್ನಿಸಿದ್ದೆ. ಅದು ಮತ್ತೆ ಮತ್ತೆ ಕನ್ನಡಿಯ ಕಟ್ಟಿಗೇ ಹೋಗಿ ಜೋತುಬೀಳುತ್ತಿತ್ತು. ಪ್ರತಿಬಿಂಬ ಕನ್ನಡಿಯ ಮೇಲಿರುವುದಿಲ್ಲ, ಆಚೆಗಿರುತ್ತದೆ: ನನ್ನಿಂದ ಕನ್ನಡಿಗೆ 80 ಸೆಂ.ಮೀ., ಕನ್ನಡಿಯಿಂದ ಅವರ ಮುಖಕ್ಕೆ 40, ಒಟ್ಟು 1.2 ಮೀಟರ್. ಬಳೆಯ ಅಂಕೆಯನ್ನು ಅಲ್ಲಿಗೆ ತಂದು, ಹಿಗ್ಗಿಸಿ ನೋಡಿ, ಉಳಿದದ್ದನ್ನು ಮೈಯನ್ನೇ ಹಿಂದೆ ಮುಂದೆ ಬಾಗಿಸಿ ಸರಿಮಾಡಿದೆ. ಎಫ್/2ರಲ್ಲಿ ಆ ದೂರಕ್ಕೆ ಸ್ಪಷ್ಟವಾಗಿರುವ ದಪ್ಪ ಸುಮಾರು ಮೂರೂವರೆ ಸೆಂ.ಮೀ. ಕಣ್ಣು ಮತ್ತು ಹುಬ್ಬಿನ ಚಿಟ್ಟಿಗಳು ದಕ್ಕಿದವು, ಕಿವಿ ಕರಗಿತು. ತಲೆಯ ಮೇಲಿದ್ದ ಬರಿ ಬಲ್ಬಿಗೆ ಗಾಜು ಮಂಜಾದಾಗ ಎಡಗೈ ಅಡ್ಡ ಹಿಡಿದೆ. ಹೊಸ ಲೆನ್ಸುಗಳಷ್ಟು ಗಟ್ಟಿ ಲೇಪ ಇದಕ್ಕಿಲ್ಲ.

ರಂಗಸ್ಥಳಕ್ಕೆ ಇದನ್ನು ಒಯ್ದದ್ದು ದುಡುಕು. ಆರು ಮೀಟರ್‌ಗೆ ಫೋಕಸ್ ಕಟ್ಟಿ, ಎಫ್/4 ಇಟ್ಟರೆ ಹತ್ತಿರಹತ್ತಿರ ಒಂದೂಮುಕ್ಕಾಲು ಮೀಟರ್ ಆಳ ಸಿಗುತ್ತದೆಂದು ಲೆಕ್ಕ ಹಾಕಿದ್ದೆ. ಮಹಿಷಾಸುರ ಪ್ರೇಕ್ಷಕರ ನಡುವಿನಿಂದ ದೊಂದಿಗಳೊಡನೆ ನುಗ್ಗಿ ಬಂದಾಗ ಆ ಲೆಕ್ಕ ಯಾರಿಗೆ ಬೇಕಿತ್ತು! ನಲವತ್ತು ಚಿತ್ರಗಳಲ್ಲಿ ಎರಡು ಉಳಿದವು. ಈಗ ಕುಣಿತ ಶುರುವಾಗುವ ಮೊದಲೇ ಲೆನ್ಸ್ ಬದಲಿಸುತ್ತೇನೆ.

ಕನ್ನಡಿಯ ಚಿತ್ರವನ್ನು ಮಾವನಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ತುಂಬಾ ಹೊತ್ತು ನೋಡಿದರು. ಆಮೇಲೆ, “ಅಪರ್ಚರ್ ಎಷ್ಟು ಇಟ್ಟಿದ್ದೆ?” ಎಂದು ಕೇಳಿದರು. ಫೈಲಿನಲ್ಲಿ ಅದು ದಾಖಲಾಗಿರುವುದಿಲ್ಲ, ನಾನು ಬರೆದಿಟ್ಟುಕೊಂಡ ಪುಸ್ತಕ ನೋಡಿ ಹೇಳಿದೆ. “ಎಫ್/2.8 ಇಡಬೇಕಿತ್ತು” ಎಂದರು.